ಸೀಮೆಸುಣ್ಣದ ಬರಗಾಲ

ಯಲಹಂಕದ ದಾರಿಯಲ್ಲಿದ್ದ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿದ್ರಾಮಪ್ಪನವರನ್ನು ಮೇಷ್ಟ್ರು ಅಂತ ಒಪ್ಪಿಕೊಂಡವರು ಕಡಿಮೆ. ಬಿಜಾಪುರದ ಕಡೆಯಿಂದ ಬಂದು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಬಹಳ ಕಾಲ ಸ್ಟೋರ್ಸ್ ನೋಡಿಕೊಂಡು, ಕೆಲಸದ ಜೊತೆಗೇ ಓದಿ ಡಾಕ್ಟರೇಟು ಗಿಟ್ಟಿಸಿ, ಎಪ್ಪತ್ತೆಂಟನೇ ಇಸವಿಯಲ್ಲಿ ಪಾಠ ಹೇಳಲು ಸೇರಿದವರು. ಅವರ ವಿಷಯ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್. ಸಾಮಾನು ಎಷ್ಟು ತರಿಸಬೇಕು, ಎಲ್ಲಿಡಬೇಕು, ಯಾರಿಗೆ ಯಾವಾಗ ಮುಟ್ಟಿಸಬೇಕು ಅನ್ನುವ ಶಾಸ್ತ್ರ. ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥ ಆನಂದಪ್ಪನವರು ಮಾತ್ರ ಅದನ್ನು ಶಾಸ್ತ್ರ ಅನ್ನಲು ತಯಾರಿರಲಿಲ್ಲ. ಉಗ್ರಾಣದ ಬೀಗ ಕಾಯೋದಕ್ಕೆ ಡಾಕ್ಟರೇಟು ಯಾಕೆ ಬೇಕು ಅಂತ ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಕೇಳುತ್ತಿದ್ದರು.

ಐದು ವರ್ಷ ಸಿದ್ರಾಮಪ್ಪನವರಿಗೆ ಸಿಕ್ಕಿದ್ದು ವಾರಕ್ಕೊಂದು ಪೀರಿಯಡ್ಡು. ಅದೂ ಊಟವಾದ ಮೇಲೆ, ಹುಡುಗರು ತೂಕಡಿಸುವ ಹೊತ್ತಿಗೆ. ಅವರಿಗೆ ಬೇಕಾಗಿದ್ದು ತಮ್ಮ ವಿಷಯಕ್ಕೇ ಒಂದು ಸ್ನಾತಕೋತ್ತರ ಡಿಪ್ಲೊಮಾ. ಎಂಬತ್ಮೂರರಲ್ಲಿ ಧೈರ್ಯ ಮಾಡಿ ಅರ್ಜಿ ಬರೆದುಕೊಟ್ಟರು. ಪ್ರಿನ್ಸಿಪಾಲ್ ತಾಜುದ್ದೀನ್ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಆನಂದಪ್ಪನವರ ಬಾಯಿಗೆ ಹೆದರುವವರು. ವರ್ಷದ ಕೊನೆಯ ಸಭೆಯಲ್ಲಿ ನೋಡೋಣ ಅಂದರು. ಅಲ್ಲಿ ಅರ್ಜಿ ಬಿದ್ದುಹೋದರೆ ಇದ್ದ ಒಂದು ಪೀರಿಯಡ್ಡೂ ಕೈಬಿಡುತ್ತದೆ ಅನ್ನುವುದು ಸಿದ್ರಾಮಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಕಾಲೇಜಿಗೆ ಸೀಮೆಸುಣ್ಣದ ಬರಗಾಲ ಬಂತು. ಹೊಸದೇನಲ್ಲ, ವರ್ಷಾ ವರ್ಷ ಬರುತ್ತಿತ್ತು. ಗಣಿತದ ಗೋಪಾಲಮ್ಮ ಮೇಡಂ ಚಾಕ್‌ಪೀಸು ಚೂರುಗಳನ್ನು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಓಡಾಡುವರು. ಘನ ವಿದ್ವಾಂಸರೆಲ್ಲ ಪಕ್ಕದ ಕ್ಲಾಸಿಗೆ ನುಗ್ಗಿ ಅರ್ಧ ತುಂಡು ಕದ್ದು ತರುವರು. ಪ್ರಿನ್ಸಿಪಾಲರು ಅಂಗಡಿಯವನನ್ನು ಬಯ್ಯುವರು.

ಪಾಪ, ಅಂಗಡಿಯವನ ತಪ್ಪೇನೂ ಇರಲಿಲ್ಲ. ಆ ಕಾಲೇಜಿನಲ್ಲಿ ಯಾವ ವಿಭಾಗ ಏನೇ ಕೇಳಲಿ, ಆಫೀಸಿನವರು ಕಣ್ಣುಮುಚ್ಚಿ ಅರ್ಧ ಕತ್ತರಿಸುತ್ತಿದ್ದರು. ಕತ್ತರಿಸುತ್ತಾರೆ ಅಂತ ವಿಭಾಗದವರು ಎರಡರಷ್ಟು ಕೇಳುವರು. ಎರಡರಷ್ಟು ಕೇಳಿದ್ದಾರೆ ಅಂತ ಆಫೀಸಿನವರು ಇನ್ನಷ್ಟು ಕತ್ತರಿಸುವರು. ಕೊನೆಗೆ ಸಿಕ್ಕಿದ್ದನ್ನೆಲ್ಲ ಎಲ್ಲರೂ ಬೀರುವಿನಲ್ಲಿಟ್ಟು ಬೀಗ ಜಡಿದು, ಇಲ್ಲ ಇಲ್ಲ ಅಂತ ಗೋಳಾಡುವರು.

ಸಿದ್ರಾಮಪ್ಪನವರು ಇದನ್ನೆಲ್ಲ ಪ್ರಿನ್ಸಿಪಾಲರಿಗೆ ಬಿಡಿಸಿ ಹೇಳಿದರು. ಇನ್ನು ಮೇಲೆ ಯಾರು ಎಷ್ಟು ಕೇಳಿದರೂ ಒಂದು ಡಬ್ಬಿಯೂ ಕತ್ತರಿಸದೆ ಕೊಟ್ಟುಬಿಡೋಣ ಅಂದರು. ಅಲ್ಲೇ ಕೂತಿದ್ದ ಆನಂದಪ್ಪನವರು ನಕ್ಕರು. ಒಂದೇ ವಾರಕ್ಕೆ ಉಗ್ರಾಣ ಗುಡಿಸಿಟ್ಟ ಹಾಗಾಗುತ್ತೆ ಅಂದರು.

"ಆಗ್ಲಿ ಸಾರ್," ಅಂದರು ಸಿದ್ರಾಮಪ್ಪ. "ಚಾಕ್‌ಪೀಸ್ ಇಲ್ದೆ ಒಬ್ರ ಪಾಠ ನಿಂತ್ರೂ ನನ್ನ ಅರ್ಜಿ ನಾನೇ ವಾಪಸ್ ತಗೋತೀನಿ."

ಸೀಮೆಸುಣ್ಣದ ಹೊಸ ಲೋಡು ಬಂದ ದಿನವೇ ಪ್ರಿನ್ಸಿಪಾಲರು ಉಗ್ರಾಣದ ಬೀಗದ ಕೈ ಅವರಿಗೆ ಕೊಟ್ಟರು. ಕೇಳಿದಷ್ಟೂ ಸಿಗುತ್ತದಂತೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ಮಾನವಂತರೆಲ್ಲ ನಾಚಿಕೆ ಬಿಟ್ಟರು. ಸಿವಿಲ್‌ನವರು ಗೋಣಿಚೀಲ ತಂದರು. ಆನಂದಪ್ಪನವರು ಅಟೆಂಡರನ ಕೈಯಲ್ಲಿ ತಳ್ಳುಗಾಡಿಯನ್ನೇ ಕಳಿಸಿದರು. ಸಿದ್ರಾಮಪ್ಪನವರು ತುಟಿಪಿಟಕ್ಕೆನ್ನದೆ ಕೊಟ್ಟರು. ಶನಿವಾರದ ಹೊತ್ತಿಗೆ ಉಗ್ರಾಣದಲ್ಲಿ ಬಿಳಿ ಧೂಳು ಮಾತ್ರ ಉಳಿದಿತ್ತು.

ಭಾನುವಾರ ಬಾಗಲಗುಂಟೆಯ ಮನೆಯಲ್ಲಿ ಅವರಿಗೆ ರೊಟ್ಟಿ ಇಳಿಯಲಿಲ್ಲ. ಹೆಂಡತಿ ಕಾಶವ್ವ ಎಲ್ಲ ಕೇಳಿ, ಅಷ್ಟೊಂದು ಚಾಕ್‌ಪೀಸು ತಗೊಂಡು ಅವರೇನು ಪಲ್ಯ ಮಾಡ್ತಾರೇನ್ರೀ ಅಂದಳು. ಅವರ ಲೆಕ್ಕವೂ ಅದೇ ಆಗಿತ್ತು. ಆದರೂ ರಾತ್ರಿ ಎದ್ದು ಕೂತು ಅದನ್ನೇ ಮತ್ತೆ ಎಣಿಸಿದರು.

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ. ಬರುವುದಕ್ಕೆ ಜಾಗವೆಲ್ಲಿತ್ತು? ಬೀರುಗಳ ಬಾಗಿಲು ಮುಚ್ಚುತ್ತಿರಲಿಲ್ಲ. ಆನಂದಪ್ಪನವರ ಕೋಣೆಯಲ್ಲಿ ಕುರ್ಚಿ ಮೇಲೂ ಡಬ್ಬಿ, ಅವರ ಕಪ್ಪು ಕೋಟಿನ ಬೆನ್ನೆಲ್ಲ ಬಿಳಿ. ಮುಂದಿನ ಲೋಡು ಬಂದು ಉಗ್ರಾಣದಲ್ಲಿ ಹಾಗೇ ಕೂತಿತು. ಒಬ್ಬರ ಪಾಠವೂ ನಿಲ್ಲಲಿಲ್ಲ. ಬೇಕೆಂದಾಗ ಸಿಗುತ್ತದೆ ಅನ್ನುವುದು ನಿಧಾನಕ್ಕೆ ತಲೆಗೆ ಹೋಗಿ, ಆರು ತಿಂಗಳಾದ ಮೇಲೆ ಆನಂದಪ್ಪನವರ ವಿಭಾಗದಿಂದ ಚೀಟಿ ಬಂತು. ಒಂದೇ ಒಂದು ಡಬ್ಬಿ ಸಾಕು ಅಂತ ಬರೆದಿತ್ತು. ಸಿದ್ರಾಮಪ್ಪನವರಿಗೆ ಕುಣಿಯಬೇಕು ಅನ್ನಿಸಿತು.

ವರ್ಷದ ಕೊನೆಯ ಸಭೆಯಲ್ಲಿ ಆನಂದಪ್ಪನವರು ಅರ್ಜಿಗೆ ಅಡ್ಡ ಬರಲಿಲ್ಲ. ಪ್ರಿನ್ಸಿಪಾಲರು ಖುಷಿಯಾಗಿ ಅರ್ಜಿ ಎತ್ತಿಕೊಂಡರು.

"ನಿಮ್ಮ ರೂಲ್ಸೇ ಕಣ್ರೀ ಸಿದ್ರಾಮಪ್ಪ. ನಲವತ್ತು ಸೀಟು ಕೇಳಿದ್ರಿ, ನಲವತ್ತೂ ಕೊಟ್ಟಿದ್ದೀನಿ. ಕತ್ತರಿ ಹಾಕಿಲ್ಲ."

ಸಿದ್ರಾಮಪ್ಪನವರ ಮುಖ ಇಳಿದುಹೋಯಿತು. ಸಭೆಗೆ ಸಭೆಯೇ ಅವರನ್ನು ನೋಡಿತು. ಸುಮ್ಮನೆ ನಮಸ್ಕಾರ ಹೇಳಿ ಕೂತಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಕೂರಲು ಅವರಿಂದ ಆಗಲಿಲ್ಲ.

"ಸಾರ್, ನನಗೆ ಬೇಕಾಗಿದ್ದು ಇಪ್ಪತ್ತು," ಅಂದರು. "ನೀವು ಅರ್ಧ ಕತ್ತರಿಸ್ತೀರಿ ಅಂತ ನಲವತ್ತು ಬರ್ದಿದ್ದೆ."

ಮೊದಲು ನಕ್ಕವರು ಆನಂದಪ್ಪ. ಮೇಜು ತಟ್ಟಿ ತಟ್ಟಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಪ್ರಿನ್ಸಿಪಾಲರೂ ನಕ್ಕು, ನಲವತ್ತನ್ನು ಹೊಡೆದುಹಾಕಿ ಇಪ್ಪತ್ತು ಮಾಡಿದರು. ಹೊಸ ಡಿಪ್ಲೊಮಾಗೆ ಯಾರನ್ನು ಮುಖ್ಯಸ್ಥರನ್ನಾಗಿ ಮಾಡೋಣ ಅಂತ ಅವರು ಕೇಳಿದಾಗ ಆನಂದಪ್ಪನವರೇ ಎದ್ದು ನಿಂತರು.

"ಕೈಗೆ ಬಂದಿದ್ದನ್ನ ವಾಪಸ್ ಕೊಟ್ಟೋರನ್ನ ಈ ಕಾಲೇಜಲ್ಲಿ ನಾನು ಇನ್ನೂ ನೋಡಿಲ್ಲ ಸಾರ್. ಬೇರೆ ಯಾರನ್ನ ಹುಡುಕ್ತೀರಿ? ಪ್ರೊಫೆಸರ್ ಸಿದ್ರಾಮಪ್ಪ ಇಲ್ಲೇ ಇದ್ದಾರಲ್ಲ."

ಆ ಮನುಷ್ಯನ ಬಾಯಲ್ಲಿ ಪ್ರೊಫೆಸರ್ ಅನ್ನುವ ಮಾತು ಬರುತ್ತದೆಂದು ಸಿದ್ರಾಮಪ್ಪನವರು ಕನಸಿನಲ್ಲೂ ಎಣಿಸಿರಲಿಲ್ಲ. ಎದೆ ತುಂಬಿ ಬಂತು. ಸಭೆ ಅನ್ನುವುದನ್ನೂ ನೋಡದೆ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು.