ಸೊನ್ನೆಯಿಂದ ಎಣಿಸಿದ ಬೆಳಗು

ಆಸ್ಪತ್ರೆಯ ಚೀಟಿ ಕೌಂಟರಿನ ಸಾಲು ಅಂದು ಗೇಟು ದಾಟಿತ್ತು. ಒಂದು ಚೀಟಿಗೆ ನಾಲ್ಕು ನಿಮಿಷ! ಟೈಪು ಮಾಡುವ ದೇವೀರಮ್ಮನವರ ಕೈ ನಿಧಾನವೆಂದು ಅವರನ್ನು ಆ ದಿನವೇ ಕೆಲಸದಿಂದ ಬಿಡಿಸಲು ಸೂಪರಿಂಟೆಂಡೆಂಟರು ತೀರ್ಮಾನಿಸಿದ್ದರು. ಕೈ ನಿಧಾನವೆಂಬ ಮಾತನ್ನು ಸೂಪರಿಂಟೆಂಡೆಂಟರ ಕಿವಿಗೆ ಹಾಕಿದವನು ನಾನೇ. ನಾನು ಬರೆದ ಪ್ರೋಗ್ರಾಮಿನಲ್ಲಿ ಹುಳುಕು ಇರುವುದುಂಟೇ!

ರೋಗಿಗಳ ದಾಖಲೆಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ವಾರಿಜಾ ಮೇಡಂ ಮಾತ್ರ ಒಪ್ಪಲಿಲ್ಲ.

"ಅವರ ಮೇಲೆ ಗೂಬೆ ಕೂರಿಸೋಕೆ ಮುಂಚೆ ಸರ್ವರ್ ಕಂಪ್ಯೂಟರನ್ನೇ ಕೇಳೋಣ."

ದಾಖಲೆಗಳನ್ನು ಇಟ್ಟುಕೊಂಡಿರುವ ಆ ಸರ್ವರ್ ತಾನು ಮಾಡಿದ ಕೆಲಸವನ್ನೆಲ್ಲ ತನ್ನೊಳಗೇ ಎಣಿಸಿಕೊಳ್ಳುತ್ತದೆ. ತೆರೆಯ ತುಂಬ ಕೋಟಿಗಟ್ಟಲೆ ಅಂಕಿಗಳು. ನಾನು ನಕ್ಕೆ. "ಇದರಲ್ಲೇನು ಕಾಣುತ್ತೆ ಮೇಡಂ?"

"ಎಂಟು ತಿಂಗಳದ್ದು ರಾಶಿ ಬಿದ್ದಿದೆ, ಏನೂ ಕಾಣಲ್ಲ. ಸೊನ್ನೆ ಮಾಡೋಣ."

ನಾನು ಕೀಲಿಮಣೆಗೆ ಕೈ ಅಡ್ಡ ಹಿಡಿದೆ. "ರೋಗಿಗಳ ದಾಖಲೆ?"

"ಎಣಿಕೆ ಮಾತ್ರ ಸೊನ್ನೆ ಆಗೋದು ಮಾರಾಯ, ದಾಖಲೆ ಎಲ್ಲಿಗೂ ಹೋಗಲ್ಲ."

ಹಳೆಯ ಅಂಕಿಗಳನ್ನು ಅವರು ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡರು. ಬರೆದುಕೊಳ್ಳದೆ ಏನನ್ನೂ ಅಳಿಸಿದವರಲ್ಲ ಅವರು. ಆಮೇಲೆ ಎಣಿಕೆಯನ್ನು ಸೊನ್ನೆ ಮಾಡಿ, ಎಷ್ಟು ಜನ ಕಾಯುತ್ತಿದ್ದಾರೆಂದು ಗೋಡೆಯ ಮೇಲೆ ತೋರಿಸಲು ನಾನು ಎರಡು ತಿಂಗಳ ಹಿಂದೆ ಹಾಕಿದ್ದ ಫಲಕವನ್ನು ನಿಲ್ಲಿಸಿದರು.

"ದೇವೀರಮ್ಮ, ಎಂದಿನ ಹಾಗೇ ಹತ್ತು ಚೀಟಿ ಮಾಡಿ."

ಐದೇ ನಿಮಿಷಕ್ಕೆ ಹತ್ತೂ ಮುಗಿದವು. ಬೇಕಾದ್ದನ್ನಷ್ಟೇ ತೆಗೆಯದೆ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದುವಾಗ ಸರ್ವರ್ ತಿರುವಿದ ದಾಖಲೆಗಳ ಲೆಕ್ಕ ಇನ್ನೂ ಸೊನ್ನೆಯಲ್ಲೇ ಇತ್ತು. ಮೇಡಂ ಮತ್ತೊಮ್ಮೆ ಸೊನ್ನೆ ಮಾಡಿ, ಈ ಸಲ ಫಲಕವನ್ನಷ್ಟೇ ಓಡಿಸಿದರು. ಯಾರೂ ಒಂದು ಕೀಲಿಯನ್ನೂ ಮುಟ್ಟಲಿಲ್ಲ. ನಿಮಿಷ ಕಳೆಯುವಷ್ಟರಲ್ಲಿ ಅದೇ ಅಂಕಿ ಲಕ್ಷಗಳಿಗೆ ಏರಿತು. ಹೊರಗೆ ಕಾಯುವ ಐವತ್ತು ಜನರನ್ನು ಎಣಿಸಲು ನನ್ನ ಫಲಕ ಕ್ಷಣಕ್ಷಣಕ್ಕೂ ಎಂಟು ವರ್ಷದ ದಾಖಲೆಯನ್ನೆಲ್ಲ ಓದುತ್ತಿತ್ತು; ಅದು ಮುಗಿಯಲೆಂದು ಚೀಟಿಗಳು ಕಾಯುತ್ತಿದ್ದವು.

ಸೂಪರಿಂಟೆಂಡೆಂಟರು ಬಿಡಿಸುವ ಆದೇಶದ ಕಾಗದ ಹಿಡಿದು ಬಂದರು. "ಏನ್ರೀ, ಯಾರ ತಪ್ಪು?"

ಮೇಡಂ ತೆರೆಯನ್ನೇ ನೋಡುತ್ತಿದ್ದರು. ಒಂದು ಮಾತಿನಲ್ಲಿ ನನ್ನ ಮಾನ ಕಳೆಯಬಹುದಿತ್ತು, ಕಳೆಯಲಿಲ್ಲ. ಹೇಳುವ ಅವಕಾಶವನ್ನು ನನಗೇ ಬಿಟ್ಟರು. ಅಂಥ ದೊಡ್ಡತನವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ನನ್ನದು ಸಾರ್," ಎಂದೆ. ಗೋಡೆಯ ಫಲಕವನ್ನು ನಾನೇ ಆರಿಸಿದೆ.

ಸೂಪರಿಂಟೆಂಡೆಂಟರು ಕಾಗದವನ್ನು ಹರಿದು ಹಾಕಿದರು. ದೇವೀರಮ್ಮ ನನ್ನತ್ತ ತಿರುಗಿದರು.

"ಅಯ್ಯೋ, ತಪ್ಪು ನಿಂದೇನಪ್ಪಾ! ವಯಸ್ಸಾಯ್ತು, ಕೈ ಬಿದ್ದೋಯ್ತು ಅಂತ ದಿನಾ ಮನೇಲಿ ಕೂತು ಅಳ್ತಿದ್ನಲ್ಲೋ."

ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎರಡು ತಿಂಗಳಲ್ಲಿ ಮೊದಲ ಸಲ ಗಟ್ಟಿ ದನಿಯಲ್ಲಿ ಅವರು ಕೂಗಿದರು: "ಮುಂದಿನವರು ಬನ್ನಿ!"