ಗಂಡನ ಮೇಲೆ ಐವತ್ತು ಕ್ರೌನ್

ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ ಇವೆತಾಳ ಕೈ ನಿಂತುಹೋಯಿತು. ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಅವಳ ಗಂಡ ಲೂಮಿರ್ ಎರಡನೆಯ ಗೇಮನ್ನೂ ಗೆದ್ದು, ಅಂಗೈಯನ್ನು ಟೇಬಲ್ಲಿನ ಮೂಲೆಗೆ ಒರೆಸುತ್ತಿದ್ದ. ಬೆಳಗಿನಿಂದ ಮೂರು ಪಂದ್ಯ ಸೋತಿದ್ದವನು. ಪ್ರೇಕ್ಷಕರೇ ಇಲ್ಲದ ಪುಟ್ಟ ಟೇಬಲ್ ಟೆನಿಸ್ ಹಾಲ್; ಅರ್ಧ ಗಂಟೆಗೊಂದು ಲೀಗ್ ಪಂದ್ಯ; ನೋಡುವವರೆಲ್ಲ ಎಲ್ಲೆಲ್ಲೋ ಕೂತು ಫೋನಿನಲ್ಲೇ ಬಾಜಿ ಕಟ್ಟುವವರು.

"ಇನ್ನೊಂದು ಗೇಮ್ ಗೆದ್ರೆ ಮುಗೀತಲ್ಲೇ," ಎಂದಳು ಯಾರ್ಮಿಲಾ. ಶಾಲೆಯ ಆ ಅಡುಗೆಮನೆಯಲ್ಲಿ ಅವಳೇ ಹಿರಿಯಳು. "ಮತ್ಯಾಕೆ ಮುಖ ಹಳಸಿದ ಸಾರಿನ ಥರ ಮಾಡ್ಕೊಂಡಿದೀಯಾ?"

"ಯಾರ್ಮಿಲಕ್ಕಾ, ನಮ್ಮವರು ಸೋಲಲಿ ಅಂತ ನಾನು ಬಾಜಿ ಕಟ್ಟಿದ್ರೆ ತಪ್ಪು. ಗೆಲ್ಲಲಿ ಅಂತ ಕಟ್ಟಿದ್ರೆ?"

ಯಾರ್ಮಿಲಾಳ ಸೌಟು ಪಾತ್ರೆಯೊಳಗೇ ನಿಂತಿತು. "ನೀನು ಕಟ್ಟಿದೀಯಾ?"

"ಐವತ್ತೇ ಕ್ರೌನ್. ಒಂದು ಬಿಯರಿನ ದುಡ್ಡು. ಎಲ್ಲರೂ ಅವರು ಸೋಲ್ತಾರೆ ಅಂತಾನೇ ಕಟ್ತಿದ್ರು. ತಡ್ಕೊಳ್ಳೋಕಾಗ್ಲಿಲ್ಲ. ನಿನ್ನೆ ಬ್ಯಾಟಿಗೆ ಹೊಸ ರಬ್ಬರ್ ಅಂಟಿಸಿದ್ದು ನಾನೇ. ಇವತ್ತು ಕೈ ಕುದುರತ್ತೆ ಅಂತ ನಂಗೊಬ್ಬಳಿಗೆ ಗೊತ್ತಿತ್ತು."

"ಅದೇ ಕಣೇ ತಪ್ಪು! ಆಟಗಾರರ ಮನೆಯವರು ಯಾವ ಕಡೆಗೂ ಕಟ್ಟೋ ಹಾಗಿಲ್ಲ. ನಮ್ಮಕ್ಕನ ಮಗನ್ನ ಲೀಗಿಂದ ಓಡಿಸಿದ್ದು ಇನ್ಯಾಕೆ ಅಂದ್ಕೊಂಡೆ? ಅಕ್ಕ ಮುದ್ದಿಗೆ ಅಂತ ಅವನ ಮೇಲೆ ಕಟ್ಟಿದ್ಲು. ಯಾರ ಹೆಸರಲ್ಲಿ ಕಟ್ಟಿದೆ?"

"ನನ್ನ ಹೆಸರಲ್ಲೇ."

"ವಿಳಾಸ?"

ಲೀಗಿನ ಜೊತೆ ಗಂಡ ಮಾಡಿಕೊಂಡ ಒಪ್ಪಂದದಲ್ಲಿದ್ದದ್ದೂ ಇವೆತಾ ಬಾಜಿಗೆ ಕೊಟ್ಟದ್ದೂ ಒಂದೇ ವಿಳಾಸ, ಮೂರನೆಯ ಮಹಡಿ, ಎಡಗಡೆಯ ಬಾಗಿಲು.

ಬಾಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಒದ್ದೆ ಬೆರಳಿನಿಂದ ಫೋನನ್ನು ಒತ್ತಿದಳು. ಆಗಲಿಲ್ಲ. ಅವಳ ಐವತ್ತು ಕ್ರೌನಿನ ಪಕ್ಕದಲ್ಲಿ 'ಪರಿಶೀಲನೆಯಲ್ಲಿದೆ' ಎಂಬ ಸಾಲು ಬಂದು ಕೂತಿತ್ತು. ಎಲ್ಲರಿಗೂ ಹೀಗೇ ಬರುತ್ತದೋ, ತನಗೊಬ್ಬಳಿಗೋ, ತಿಳಿಯಲಿಲ್ಲ. ಸೋತುಬಿಡಲಿ, ಸೋತರೆ ಯಾರೂ ಹುಡುಕಲಿಕ್ಕಿಲ್ಲ ಎಂದು ಒಂದು ಗಳಿಗೆ ಬೇಡಿಕೊಂಡಳು. ಮರುಗಳಿಗೆಗೆ ತನ್ನ ಮೇಲೇ ಹೇಸಿಗೆಯಾಯಿತು. ಹತ್ತು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಸಂಜೆ ಅಭ್ಯಾಸ ಮಾಡಿ, ಮೂವತ್ತಾರನೆಯ ವಯಸ್ಸಿಗೆ ಆ ಟೇಬಲ್ ಮುಟ್ಟಿದ ಮನುಷ್ಯ.

ಮೂರನೆಯ ಗೇಮ್, ಹತ್ತು–ಎಂಟು. ಲೂಮಿರ್ ಸರ್ವ್ ಮಾಡಿದ. ಎದುರಾಳಿ ವಾಪಸು ಹೊಡೆದ ಚೆಂಡು ಬಲೆಯನ್ನು ಸವರಿ ಈಚೆ ಬಿದ್ದು, ಆಟ ಮುಂದುವರಿದು, ಅವನ ಹೊಡೆತ ಮೂಲೆ ಸೇರಿತು. ಗೆದ್ದಿದ್ದ. ಎಂದಿನಂತೆ ಕ್ಯಾಮೆರಾದ ಕಡೆ ಎರಡು ಬೆರಳೆತ್ತಿದ. ಅದು ಅವಳಿಗೆ.

ಎರಡು ನಿಮಿಷಕ್ಕೆ ಫೋನ್ ಬಂತು. "ನೋಡಿದ್ಯಾ? ನೀನಂಟಿಸಿದ ರಬ್ಬರ್ ಕಣೇ! ಮುಂದಿನದಕ್ಕೆ ಇನ್ನು ಹತ್ತು ನಿಮಿಷ ಇದೆ."

ಸಂಜೆ ಹೇಳಿದರಾಯಿತು ಎಂದುಕೊಂಡಳು. ಯಾರ್ಮಿಲಾ ಅವಳನ್ನೇ ನೋಡುತ್ತಿದ್ದಳು.

"ರೀ, ನಾನು ನಿಮ್ಮ ಮೇಲೆ ಬಾಜಿ ಕಟ್ಟಿದೀನಿ."

ಆ ಕಡೆ ಯಾರೋ ಚೆಂಡು ಪುಟಿಸುತ್ತಿರುವ ಟಕ್ ಟಕ್ ಸದ್ದು.

"ಎಷ್ಟು?"

"ಐವತ್ತು."

"ಅಷ್ಟೇನಾ ನನ್ನ ಬೆಲೆ?" ಎಂದ. ನಗುವಿನಂಥದೇನೋ ಶುರುವಾಗಿ ಅರ್ಧಕ್ಕೇ ನಿಂತಿತು. ಆಮೇಲೆ ಮೆಲ್ಲಗೆ, "ಫೋನಿಡು. ಲೀಗಿನವರು ಕಂಡುಹಿಡಿಯೋಕೆ ಮುಂಚೆ ನಾನೇ ಹೋಗಿ ಹೇಳ್ತೀನಿ."

"ನಿಮ್ಮನ್ನ ತೆಗೆದುಹಾಕಿದ್ರೆ?"

"ಅಳಬೇಡ. ಮಕ್ಕಳಿಗೆ ಊಟಕ್ಕೆ ಹೊತ್ತಾಗತ್ತೆ."

ಆಲೂಗಡ್ಡೆ ಆರಿಹೋಗಿತ್ತು, ಸಿಪ್ಪೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಸರಿಯಾಗಿ ಫೋನಿನಲ್ಲಿ ಮುಂದಿನ ಪಂದ್ಯದ ಚಿತ್ರ ಬಂತು. ಎದುರಾಳಿ ತನ್ನ ತುದಿಯಲ್ಲಿ ಒಬ್ಬನೇ ಚೆಂಡು ಪುಟಿಸುತ್ತ ನಿಂತಿದ್ದ. ಈಚೆ ತುದಿ ಖಾಲಿಯಿತ್ತು. ಮೂಲೆಯಲ್ಲಿ ಲೂಮಿರನ ಅಂಗೈಯ ಒದ್ದೆ ಗುರುತು ಆಗಲೇ ಆರಿಹೋಗಿತ್ತು.