ಎದುರಿನ ಖಾನಾವಳಿ

ಕುಷ್ಟಗಿ ಬಸ್‌ಸ್ಟ್ಯಾಂಡಿನ ಹತ್ತಿರ ವಿರೂಪಾಕ್ಷಮ್ಮ ಇಪ್ಪತ್ತು ವರ್ಷದಿಂದ ಖಾನಾವಳಿ ನಡೆಸುತ್ತಿದ್ದಳು. ಮೊನ್ನೆ ಮೊನ್ನೆ ಫಕೀರಮ್ಮ ಎದುರಿಗೇ ಇನ್ನೊಂದು ತೆರೆದದ್ದೇ ತಡ, ಗಿರಾಕಿಗಳೆಲ್ಲ ಆ ಕಡೆ ಹೋದರು. ಅದೇ ಸಂತೆಯ ಪುಂಡಿಪಲ್ಯ, ಅದೇ ಊರ ಬಿಳಿಜೋಳ, ಅದೇ ಐವತ್ತು ರೂಪಾಯಿ ಊಟ. ಅವಳ ಕೈಯಲ್ಲೇನು ಅಮೃತ ಸೋರುತ್ತದೆಯೇ ಎಂದು ಇವಳ ಹೊಟ್ಟೆ ಉರಿಯಿತು. ಗಂಡ ಸಿದ್ದಲಿಂಗೇಶನಿಗೂ ಈಚೆಗೆ ಮಧ್ಯಾಹ್ನ ಹಸಿವೆಯೇ ಇಲ್ಲ. ವ್ಯಾಪಾರದ ಚಿಂತೆಗೆ ಪಾಪ ಸೊರಗುತ್ತಿದ್ದಾನೆಂದು ಮರುಗಿದ್ದಳು.

ಕೊನೆಗೊಂದು ದಿನ ಹುಳುಕು ಹುಡುಕಲೆಂದೇ ಮುಖದ ತುಂಬ ಸೆರಗೆಳೆದುಕೊಂಡು ಅಲ್ಲಿ ಹೋಗಿ ಕುಳಿತಳು. ರೊಟ್ಟಿ ದಪ್ಪ, ಪಲ್ಯಕ್ಕೆ ಉಪ್ಪು ಕಮ್ಮಿ ಎಂದು ಒಳಗೊಳಗೇ ಬೈಯುತ್ತ ಎರಡು ರೊಟ್ಟಿ ಮುಗಿಸಿ, ಮತ್ತೆ ತಾಟು ಚಾಚಿದಳು.

ಫಕೀರಮ್ಮ ಬಿಸಿ ರೊಟ್ಟಿ ಹಾಕುತ್ತ ನಕ್ಕಳು.

"ನಾಚಬ್ಯಾಡ್ರಿ ಅಕ್ಕಾರ, ಹೊಟ್ಟಿ ತುಂಬ ಉಣ್ರಿ. ನಿಮ್ಮ ಯಜಮಾನ್ರು ನಾಕ್ ರೊಟ್ಟಿಗಿಂತ ಕಮ್ಮಿ ಒಂದಿನಾನೂ ಉಂಡಿಲ್ಲ."